ಸ್ಕೂಬಾ ಡೈವಿಂಗ್ ಒತ್ತಡಮಾಪಕ

ಸ್ಕೂಬಾ ಡೈವಿಂಗ್ ಒತ್ತಡಮಾಪಕವು ನೀರಿನಡಿಯಲ್ಲಿರುವ ಮುಳುಗುಗಾರರ ಸಿಲಿಂಡರಿನಲ್ಲಿ ಉಳಿದಿರುವ ಗಾಳಿಯ ಒತ್ತಡವನ್ನು ತೋರಿಸುವ ಉಪಕರಣವಾಗಿದೆ. ಇದನ್ನು ಸಬ್‌ಮರ್ಸಿಬಲ್ ಪ್ರೆಷರ್ ಗೇಜ್ ಅಥವಾ ಸಂಕ್ಷಿಪ್ತವಾಗಿ ಎಸ್‌ಪಿಜಿ ಎಂದು ಕರೆಯಲಾಗುತ್ತದೆ. ಸಿಲಿಂಡರಿಗೆ ಜೋಡಿಸಿದ ರೆಗ್ಯುಲೇಟರಿನ ಮೊದಲ ಹಂತದಿಂದ ಹೊರಡುವ ಅಧಿಕ ಒತ್ತಡದ ಕೊಳವೆಯ ತುದಿಯಲ್ಲಿ ಇದು ಇರುತ್ತದೆ. ನೀರಿನ ಆಳವನ್ನು ತೋರಿಸುವ ಆಳಮಾಪಕವು ಬೇರೆಯೇ ಉಪಕರಣ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿ ಮಾರುವುದರಿಂದ ಹೊಸಬರು ಇವನ್ನು ಒಂದೇ ಎಂದು ಭಾವಿಸುವುದುಂಟು.

ಕರ್ನಾಟಕದಲ್ಲಿ ಸ್ಕೂಬಾ ಉಪಕರಣಗಳ ಬಳಕೆಗೆ ಎರಡು ಮುಖಗಳಿವೆ. ಒಂದು, ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತ ನಡೆಯುವ ಮನರಂಜನೆಯ ಡೈವಿಂಗ್. ಇನ್ನೊಂದು, ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ ಭಾಗದ ಜಲಾಶಯಗಳು ಮತ್ತು ನದಿಮಡುಗಳಂತಹ ಒಳನಾಡಿನ ನೀರಿನಲ್ಲಿ ಮುಳುಗಿದವರಿಗಾಗಿ ನಡೆಯುವ ಶೋಧಕಾರ್ಯ. ಮೊದಲನೆಯದರಲ್ಲಿ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಎರಡನೆಯದರಲ್ಲಿ ಚಾಚಿದ ಕೈಯೂ ಕಾಣದಿರಬಹುದು. ಮಾಪಕದ ಆಯ್ಕೆಯಲ್ಲಿ ಬೆಲೆ ಮತ್ತು ಅಂದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ: ಇಳಿಯಬೇಕಾದ ನೀರಿನಲ್ಲಿ ಅದನ್ನು ಓದಲು ಸಾಧ್ಯವೇ?

ಹಿನ್ನೆಲೆ

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಅವರು ಅಕ್ವಾಲಂಗ್ ಎಂಬ ಉಸಿರಾಟದ ಸಾಧನವನ್ನು ರೂಪಿಸಿದ ನಂತರ ಮನುಷ್ಯನು ದಡದ ಕೊಳವೆಯ ಹಂಗಿಲ್ಲದೆ ನೀರಿನಲ್ಲಿ ಸಂಚರಿಸುವುದು ಸುಲಭವಾಯಿತು. ಆದರೆ ಆರಂಭದ ದಶಕಗಳಲ್ಲಿ ಬಹುತೇಕ ಮುಳುಗುಗಾರರ ಬಳಿ ಒತ್ತಡಮಾಪಕ ಇರಲಿಲ್ಲ. ಅದರ ಬದಲಿಗೆ ಜೆ-ವಾಲ್ವ್ ಎಂಬ ಮೀಸಲು ಕವಾಟವನ್ನು ನೆಚ್ಚಿಕೊಳ್ಳುತ್ತಿದ್ದರು. ಸಿಲಿಂಡರಿನ ಒತ್ತಡವು ನಿಗದಿತ ಮಟ್ಟಕ್ಕೆ ಇಳಿದಾಗ ಈ ಕವಾಟವು ಗಾಳಿಯನ್ನು ತಡೆಯತೊಡಗುತ್ತಿತ್ತು. ಉಸಿರು ಎಳೆಯುವುದು ಕಷ್ಟವಾದಾಗ ಒಂದು ಸರಳನ್ನು ಕೆಳಗೆ ಎಳೆದು ಉಳಿದ ಗಾಳಿಯನ್ನು ಬಿಡಿಸಿಕೊಂಡು ಮೇಲೇರಬೇಕಿತ್ತು. ನೀರಿನೊಳಗೆ ಆ ಸರಳು ಯಾವುದಕ್ಕಾದರೂ ತಗುಲಿ ಮೊದಲೇ ಕೆಳಗಿಳಿದಿದ್ದರೆ ಎಚ್ಚರಿಕೆಯೂ ಇಲ್ಲ, ಮೀಸಲೂ ಇಲ್ಲ. ಒತ್ತಡಮಾಪಕವು ಸಾಮಾನ್ಯ ಬಳಕೆಗೆ ಬಂದ ಮೇಲೆ ಜೆ-ವಾಲ್ವ್ ಕ್ರಮೇಣ ಹಿಂದೆ ಸರಿಯಿತು.

ರಚನೆ ಮತ್ತು ಕಾರ್ಯ

ಯಾಂತ್ರಿಕ ಮಾಪಕದ ಹೃದಯಭಾಗವೆಂದರೆ ಬೂರ್ದೋನ್ ನಳಿಕೆ. ಫ್ರಾನ್ಸಿನ ಯುಜೀನ್ ಬೂರ್ದೋನ್ 1849ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಇದು ಚಪ್ಪಟೆಯಾದ, ಬಾಗಿದ ಲೋಹದ ನಳಿಕೆ. ಒಂದು ತುದಿ ಮುಚ್ಚಿರುತ್ತದೆ. ಒಳಗೆ ಒತ್ತಡ ಏರಿದಂತೆ ನಳಿಕೆಯು ನೆಟ್ಟಗಾಗಲು ಹವಣಿಸುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿಯು ಊದಿದಾಗ ಬಿಚ್ಚಿಕೊಂಡು ಬಿಟ್ಟಾಗ ಮತ್ತೆ ಸುತ್ತಿಕೊಳ್ಳುವುದನ್ನು ನೆನೆದರೆ ತತ್ತ್ವವು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ನಳಿಕೆಯ ಮುಚ್ಚಿದ ತುದಿಯ ಅತ್ಯಲ್ಪ ಚಲನೆಯನ್ನು ಸಣ್ಣ ಹಲ್ಲುಗಾಲಿಗಳು ಹಿಗ್ಗಿಸಿ ಸೂಜಿಯನ್ನು ತಿರುಗಿಸುತ್ತವೆ. ರಾಮನಗರದಂತಹ ರೇಷ್ಮೆಯ ಊರಿನಲ್ಲಿ ನೂಲು ಬಿಚ್ಚಣಿಕೆ ಘಟಕದ ಉಗಿ ಬಾಯ್ಲರ್ ಮೇಲಿನ ಗಡಿಯಾರದಂತಹ ಮಾಪಕವನ್ನು ಕಂಡವರಿಗೆ ಈ ಉಪಕರಣ ಅಪರಿಚಿತವಲ್ಲ. ಎರಡರ ಒಳಗೂ ಅದೇ ನಳಿಕೆ. ವ್ಯತ್ಯಾಸವಿರುವುದು ತಡೆದುಕೊಳ್ಳಬೇಕಾದ ಒತ್ತಡದಲ್ಲಿ, ಮತ್ತು ನೀರು ಒಳನುಗ್ಗದಂತೆ ಮಾಡಿರುವ ಕವಚದಲ್ಲಿ.

ಅಧಿಕ ಒತ್ತಡದ ಕೊಳವೆಯು ರೆಗ್ಯುಲೇಟರಿಗೆ ಸೇರುವಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುತ್ತದೆ. ಮಾಪಕಕ್ಕೆ ಗಾಳಿಯ ಹರಿವು ಬೇಕಿಲ್ಲ, ಒತ್ತಡ ಮುಟ್ಟಿದರೆ ಸಾಕು. ಆದ್ದರಿಂದ ಕೊಳವೆ ಒಡೆದರೂ ಗಾಳಿ ಸೋರಿಹೋಗುವುದು ನಿಧಾನ, ಮುಳುಗುಗಾರರಿಗೆ ಮೇಲೇರಲು ಸಮಯ ಸಿಗುತ್ತದೆ. ಉಸಿರಾಟಕ್ಕೆ ಗಾಳಿ ಒಯ್ಯುವ ಕಡಿಮೆ ಒತ್ತಡದ ಕೊಳವೆ ಒಡೆದರೆ ಸಿಲಿಂಡರು ಇದಕ್ಕಿಂತ ಬಹಳ ಬೇಗ ಬರಿದಾಗುತ್ತದೆ ಎಂಬುದು ಮೊದಲ ಬಾರಿಗೆ ಕೇಳುವವರಿಗೆ ವಿಚಿತ್ರವೆನಿಸುತ್ತದೆ.

ಕೊಳವೆ ಮತ್ತು ಮಾಪಕ ಕೂಡುವ ಜಾಗದಲ್ಲಿ ಎರಡು ಪುಟ್ಟ ರಬ್ಬರ್ ಬಳೆಗಳಿರುವ ತಿರುಗುಕೀಲು ಇರುತ್ತದೆ. ಮಾಪಕದ ಬಳಿ ನೀರಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಕಾಣಿಸಿದರೆ ಕಾರಣ ಸಾಮಾನ್ಯವಾಗಿ ಈ ಬಳೆಗಳ ಸವೆತ.

ಸೂಜಿ ಹೇಳುವುದೇನು

ಮಾಪಕವು ಗಾಳಿಯ ಒತ್ತಡವನ್ನು ಹೇಳುತ್ತದೆಯೇ ಹೊರತು ಗಾಳಿಯ ಪ್ರಮಾಣವನ್ನಾಗಲಿ ಉಳಿದ ನಿಮಿಷಗಳನ್ನಾಗಲಿ ಹೇಳುವುದಿಲ್ಲ. ಇದನ್ನು ಅರಿಯದೆ ಕೊಂಡ ಅತ್ಯುತ್ತಮ ಮಾಪಕವೂ ನಿರುಪಯೋಗಿ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದ್ದರೆ ಅದರಲ್ಲಿ ಸುಮಾರು 2,400 ಲೀಟರ್ ಗಾಳಿ ಇದೆ ಎಂದರ್ಥ. ಒಬ್ಬರು ನೀರಿನ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುತ್ತಾರೆ ಎಂದಿಟ್ಟುಕೊಂಡರೆ ಅದು 120 ನಿಮಿಷ ಬರಬೇಕು. ಆದರೆ 10 ಮೀಟರ್ ಆಳದಲ್ಲಿ ಸುತ್ತಲಿನ ಒತ್ತಡ ಇಮ್ಮಡಿಯಾಗುತ್ತದೆ, ಒಂದೊಂದು ಉಸಿರಿಗೂ ಇಮ್ಮಡಿ ಗಾಳಿ ಖರ್ಚಾಗುತ್ತದೆ. ಅದೇ ಸಿಲಿಂಡರು 60 ನಿಮಿಷ ಮಾತ್ರ ಬರುತ್ತದೆ. 20 ಮೀಟರಿನಲ್ಲಿ 40 ನಿಮಿಷ, 30 ಮೀಟರಿನಲ್ಲಿ 30 ನಿಮಿಷ. ಪ್ರೌಢಶಾಲೆಯಲ್ಲಿ ಓದುವ ಬಾಯ್ಲನ ನಿಯಮದ ನೇರ ಪರಿಣಾಮ ಇದು. ಭಯ, ಚಳಿ, ಎದುರು ಸೆಳೆತದಲ್ಲಿ ಈಜುವ ಶ್ರಮ ಇವುಗಳಿಂದ ಉಸಿರಾಟ ಹೆಚ್ಚಿದರೆ ಲೆಕ್ಕ ಇನ್ನೂ ಕುಗ್ಗುತ್ತದೆ.

ಸಾಮಾನ್ಯ ರೂಢಿಯಲ್ಲಿ 50 ಬಾರ್ ಉಳಿದಿರುವಾಗ ಮೇಲ್ಮೈಯಲ್ಲಿರಬೇಕು. ಅನೇಕ ಮಾಪಕಗಳಲ್ಲಿ ಅದಕ್ಕಿಂತ ಕೆಳಗಿನ ಭಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ. 12 ಲೀಟರ್ ಸಿಲಿಂಡರಿನ 50 ಬಾರ್ ಎಂದರೆ 600 ಲೀಟರ್. ಮೇಲೆ ಹೇಳಿದ ವೇಗದಲ್ಲಿ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ ಅದು 10 ನಿಮಿಷದ ಗಾಳಿ. ಹೆದರಿದವರು ಅಥವಾ ಗಾಳಿ ಮುಗಿದ ಜೊತೆಗಾರರೊಡನೆ ಅದನ್ನೇ ಹಂಚಿಕೊಳ್ಳುವವರು ಅರ್ಧ ಸಮಯಕ್ಕೇ ಅದನ್ನು ಮುಗಿಸಬಲ್ಲರು. ಮೇಲಾಗಿ ಕೊನೆಯ ಸುಮಾರು 10 ಬಾರ್‌ನಷ್ಟು ಒತ್ತಡದಲ್ಲಿ ರೆಗ್ಯುಲೇಟರು ಸರಿಯಾಗಿ ಗಾಳಿ ಕೊಡಲಾರದು. ನೇರವಾಗಿ ಮೇಲೇರಲು ಅವಕಾಶವಿಲ್ಲದ ಗುಹೆಗಳಲ್ಲಿ ಇಳಿಯುವವರು ಇದಕ್ಕಿಂತ ಕಟ್ಟುನಿಟ್ಟಾದ ಮೂರನೇ ಒಂದರ ನಿಯಮವನ್ನು ಪಾಲಿಸುತ್ತಾರೆ: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು.

ಬಿಸಿಲಿನ ಪ್ರಭಾವವನ್ನೂ ಗಮನಿಸಬೇಕು. ತುಂಬಿದ ಸಿಲಿಂಡರನ್ನು ದೋಣಿಯ ಮೇಲೆ ಬಿಸಿಲಿಗೆ ಬಿಟ್ಟು ಓದಿದ 200 ಬಾರ್, ನೀರಿಗಿಳಿದು ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದಾಗ ಸುಮಾರು 6ರಿಂದ 7 ಬಾರ್ ಇಳಿಯುತ್ತದೆ. ಮಾಪಕ ಕೆಟ್ಟಿಲ್ಲ, ಗಾಳಿ ಸೋರಿಲ್ಲ; ತಣಿದ ಗಾಳಿಯ ಒತ್ತಡ ಕುಗ್ಗಿದೆ, ಅಷ್ಟೆ.

ಆಯ್ಕೆ

ಮಾಪಕದ ಅಳತೆಯ ವ್ಯಾಪ್ತಿ ಸಿಲಿಂಡರಿಗೆ ಹೊಂದಬೇಕು. ಬಳಕೆಯಲ್ಲಿರುವ ಸಿಲಿಂಡರುಗಳ ಕೆಲಸದ ಒತ್ತಡ 200, 207, 232 ಅಥವಾ 300 ಬಾರ್. ಇವುಗಳಲ್ಲಿ 207 ಬಾರ್ ಎನ್ನುವುದು ಅಮೆರಿಕದ ಅಳತೆಯ 3,000 ಪಿಎಸ್‌ಐ. ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಮಾಪಕಗಳು ಸಾಮಾನ್ಯವಾಗಿ 300, 350 ಅಥವಾ 400 ಬಾರ್‌ವರೆಗೆ ಗುರುತು ಹೊಂದಿರುತ್ತವೆ. 300 ಬಾರ್ ಸಿಲಿಂಡರಿಗೆ 300 ಬಾರ್‌ಗೇ ಮುಗಿಯುವ ಮಾಪಕ ಸಲ್ಲದು, ಸೂಜಿಗೆ ಅಂಚಿನ ಆಚೆ ಜಾಗ ಬೇಕು. ಹಾಗೆಂದು ಎಲ್ಲರೂ 400ರ ಮಾಪಕವನ್ನೇ ಕೊಳ್ಳುವುದರಲ್ಲಿ ಅರ್ಥವಿಲ್ಲ. ವ್ಯಾಪ್ತಿ ದೊಡ್ಡದಾದಷ್ಟೂ ಅದೇ ಅಗಲದ ಮುಖದಲ್ಲಿ ಗುರುತುಗಳು ಒತ್ತೊತ್ತಾಗಿ, 60ಕ್ಕೂ 40ಕ್ಕೂ ನಡುವಿನ ಅಂತರ ಕಣ್ಣಿಗೆ ಕಿರಿದಾಗುತ್ತದೆ.

ನಿಖರತೆಯ ವಿಷಯದಲ್ಲಿ ಅಂಗಡಿಯವರ ಮಾತನ್ನು ಎಚ್ಚರದಿಂದ ಅರ್ಥಮಾಡಿಕೊಳ್ಳಬೇಕು. ಪೂರ್ಣ ವ್ಯಾಪ್ತಿಯ ಶೇ. 2ರಷ್ಟು ತಪ್ಪು ಎಂದು ಹೇಳಿದ 300 ಬಾರ್‌ನ ಮಾಪಕವು ಎಲ್ಲಿ ಬೇಕಾದರೂ 6 ಬಾರ್ ತಪ್ಪು ತೋರಬಹುದು. ಸಿಲಿಂಡರು ತುಂಬಿರುವಾಗ 200ರಲ್ಲಿ 6 ಬಾರ್ ಲೆಕ್ಕಕ್ಕಿಲ್ಲ. 50 ಬಾರ್ ಉಳಿದಿರುವಾಗ ಅದೇ 6 ಬಾರ್ ಎಂದರೆ ಉಳಿದ ಗಾಳಿಯ ಎಂಟನೇ ಒಂದು ಭಾಗ. ಆದ್ದರಿಂದ ಮಾಪಕವನ್ನು ಪರೀಕ್ಷಿಸುವವರು ಅದರ ಕೆಳ ತುದಿಯನ್ನು ಪರೀಕ್ಷಿಸಬೇಕು. ಅಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುವ ಮಾಪಕ ಅಪಾಯಕಾರಿ, ಕಡಿಮೆ ತೋರಿಸುವುದು ಅಷ್ಟಾಗಿ ಅಲ್ಲ. ಮನೆಯಲ್ಲಿ ಪೂರ್ಣ ಪರೀಕ್ಷೆ ಸಾಧ್ಯವಿಲ್ಲದಿದ್ದರೂ, ಒತ್ತಡವನ್ನು ಪೂರ್ತಿ ಬಿಟ್ಟಾಗ ಸೂಜಿಯು ಸೊನ್ನೆಗೆ ಮರಳುತ್ತದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಎರಡು ಮಾಪಕಗಳನ್ನು ಒಂದೇ ಸಿಲಿಂಡರಿಗೆ ಒಂದರ ನಂತರ ಒಂದರಂತೆ ಜೋಡಿಸಿ ಹೋಲಿಸುವುದೂ ಉಪಯುಕ್ತ.

ಬಾರ್ ಮತ್ತು ಪಿಎಸ್‌ಐಗಳಲ್ಲಿ ಯಾವುದಾದರೂ ಸರಿ, ಜೊತೆಗಾರರೆಲ್ಲರೂ ಒಂದೇ ಅಳತೆಯನ್ನು ಬಳಸಬೇಕು. ನೀರಿನಡಿಯಲ್ಲಿ ಉಳಿದ ಗಾಳಿಯನ್ನು ಬೆರಳ ಸನ್ನೆಯಿಂದ ತಿಳಿಸುವಾಗ ಒಬ್ಬರ ನೂರು ಇನ್ನೊಬ್ಬರಿಗೆ ಬೇರೆ ಅರ್ಥ ಕೊಡಬಾರದು.

ಕವಚವು ಹಿತ್ತಾಳೆಯದಾಗಿರಬಹುದು ಅಥವಾ ಗಟ್ಟಿ ಪ್ಲಾಸ್ಟಿಕ್ಕಿನದಾಗಿರಬಹುದು. ಹಿತ್ತಾಳೆಯದು ಭಾರ ಮತ್ತು ದುಬಾರಿ, ಆದರೆ ಬಂಡೆಗೆ ತಗುಲಿದರೂ ಬಾಳುತ್ತದೆ. ಬಿಡಿ ಮಾಪಕ ಸಾಕೋ, ಆಳಮಾಪಕ ಮತ್ತು ದಿಕ್ಸೂಚಿ ಸೇರಿದ ಚೌಕಟ್ಟು ಬೇಕೋ ಎಂಬುದು ರುಚಿಯ ವಿಷಯ. ದೊಡ್ಡ ಚೌಕಟ್ಟು ಸಡಿಲವಾಗಿ ನೇತಾಡಿದರೆ ಹವಳಕ್ಕೆ ಬಡಿದು ಅದನ್ನು ಮುರಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಎಡಬದಿಯಲ್ಲಿ ಕೊಕ್ಕೆಗೆ ಸಿಕ್ಕಿಸಿಕೊಳ್ಳುವುದು ವಾಡಿಕೆ. ಶೇ. 40ಕ್ಕಿಂತ ಹೆಚ್ಚು ಆಮ್ಲಜನಕವಿರುವ ಮಿಶ್ರಣವನ್ನು ಬಳಸುವವರಿಗೆ ಎಣ್ಣೆಯ ಪಸೆಯಿಲ್ಲದಂತೆ ಶುದ್ಧಗೊಳಿಸಿದ ಪ್ರತ್ಯೇಕ ಮಾಪಕ ಅಗತ್ಯ.

ಕೊಳವೆಯಿಲ್ಲದ ಮಾಪಕಗಳೂ ಇವೆ. ರೆಗ್ಯುಲೇಟರಿಗೆ ಸಿಕ್ಕಿಸಿದ ಪ್ರೇಷಕವು ಒತ್ತಡದ ಮಾಹಿತಿಯನ್ನು ಮಣಿಕಟ್ಟಿನ ಡೈವ್ ಕಂಪ್ಯೂಟರಿಗೆ ಕಳುಹಿಸುತ್ತದೆ. ಬಳಸಿದ ವೇಗವನ್ನು ಗಮನಿಸಿ ಉಳಿದ ನಿಮಿಷಗಳನ್ನು ಅಂದಾಜಿಸಿ ತೋರಿಸುವುದು ಇವುಗಳ ದೊಡ್ಡ ಅನುಕೂಲ. ಬ್ಯಾಟರಿ ಮುಗಿಯುವುದು, ಸಂಪರ್ಕ ತಪ್ಪುವುದು ಇವುಗಳ ದೌರ್ಬಲ್ಯ. ಎರಡನ್ನೂ ಒಟ್ಟಿಗೆ ಒಯ್ಯುವವರು ಅನೇಕರಿದ್ದಾರೆ. ಒಂದನ್ನೇ ಕೊಳ್ಳಬೇಕಾದ ವಿದ್ಯಾರ್ಥಿಗೆ ಸೂಜಿಯ ಮಾಪಕವೇ ಮೇಲು.

ನೇತ್ರಾಣಿಯಲ್ಲಿ

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದಲ್ಲಿ ಅರಬ್ಬಿ ಸಮುದ್ರದಲ್ಲಿರುವ ದ್ವೀಪ. ಪಾರಿವಾಳ ದ್ವೀಪವೆಂದೂ ಇದನ್ನು ಕರೆಯುತ್ತಾರೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಡೈವಿಂಗ್ ನಿಲ್ಲುತ್ತದೆ. 2022ರಲ್ಲಿ ತೆರೆ ಕಂಡ, ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಚಿತ್ರದ ಮೂಲಕ ಈ ದ್ವೀಪದ ನೀರೊಳಗಿನ ಲೋಕವನ್ನು ಕನ್ನಡದ ಪ್ರೇಕ್ಷಕರು ಕಂಡರು.

ಒಂದು ದಿನದ ಅನುಭವಕ್ಕೆ ಬರುವ ಪ್ರವಾಸಿಗರು ಬಾಡಿಗೆಯ ಉಪಕರಣವನ್ನು ಧರಿಸುತ್ತಾರೆ, ಅವರ ಮಾಪಕವನ್ನು ಬೋಧಕರೇ ಗಮನಿಸುತ್ತಿರುತ್ತಾರೆ. ಆದರೂ ದೋಣಿಯಲ್ಲಿ ಕುಳಿತಾಗಲೇ ತಮ್ಮ ಮಾಪಕವನ್ನು ಕೈಗೆ ತೆಗೆದುಕೊಂಡು, ಬಾಯಿಯ ಉಪಕರಣದಿಂದ ಮೂರು ನಾಲ್ಕು ದೀರ್ಘ ಉಸಿರು ಎಳೆಯುತ್ತ ಸೂಜಿಯನ್ನು ನೋಡುವುದು ಒಳ್ಳೆಯದು. ಉಸಿರೆಳೆದಾಗ ಸೂಜಿ ಇಳಿದು ಬಿಟ್ಟಾಗ ಏರಿದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲ ಎಂದರ್ಥ. ಮೇಲ್ಮೈಯಲ್ಲಿ ಅದು ಉಸಿರಿಗೆ ಅಡ್ಡಿಯಾಗದಿರಬಹುದು. ಹೆಚ್ಚು ಗಾಳಿ ಬೇಡುವ ಆಳದಲ್ಲಿ ಅಡ್ಡಿಯಾಗುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದಲ್ಲಿ

2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಿಸಿಕೊಂಡ ರಾಮನಗರ ಜಿಲ್ಲೆಗೆ ಸಮುದ್ರವಿಲ್ಲ, ಆದರೆ ಆಳವಾದ ನೀರಿಗೆ ಕೊರತೆಯಿಲ್ಲ. ಮಾಗಡಿ ಕಡೆಯಲ್ಲಿ ಅರ್ಕಾವತಿಯ ಮಂಚನಬೆಲೆ ಮತ್ತು ತಿಪ್ಪಗೊಂಡನಹಳ್ಳಿ ಜಲಾಶಯಗಳು, ಚನ್ನಪಟ್ಟಣದಲ್ಲಿ ಕಣ್ವ ಜಲಾಶಯ, ಕನಕಪುರದಲ್ಲಿ ಹಾರೋಬೆಲೆ ಜಲಾಶಯ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಮತ್ತು ಅದರ ಕೆಳಗಿನ ಮೇಕೆದಾಟು ಇವೆ. ಇವು ಸ್ಕೂಬಾ ಪ್ರವಾಸಕ್ಕೆ ಹೆಸರಾದ ತಾಣಗಳಲ್ಲ. ಈಜಲು ಅಥವಾ ಚಿತ್ರ ತೆಗೆಸಿಕೊಳ್ಳಲು ಹೋದವರು ಮುಳುಗಿದಾಗ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಸಿಬ್ಬಂದಿ, ಸ್ಥಳೀಯ ಈಜುಗಾರರು ಮತ್ತು ಮುಳುಗುತಜ್ಞರು ಇಲ್ಲಿ ಇಳಿಯುತ್ತಾರೆ.

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಲನಚಿತ್ರದ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಮೃತಪಟ್ಟರು. ಅವರ ದೇಹಗಳು ಸಿಗಲು ದಿನಗಳೇ ಹಿಡಿದವು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯೂ ಶೋಧದಲ್ಲಿ ತೊಡಗಿತ್ತು. 1933ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ನಿರ್ಮಾಣಗೊಂಡ ಈ ಜಲಾಶಯದ ತಳದಲ್ಲಿ ದಶಕಗಳ ಹೂಳು ಇದೆ. ಇಂತಹ ನೀರಿನಲ್ಲಿ ತಳಕ್ಕೆ ಕೈ ತಾಗಿದೊಡನೆ ಹೂಳು ಎದ್ದು ಬೆಳಕು ಇಲ್ಲವಾಗುತ್ತದೆ. ಆಗ ಎದೆಯ ಬಳಿ ತೂಗುವ ಮಾಪಕದ ಸೂಜಿ ಎಷ್ಟು ನಿಖರವಾಗಿದ್ದರೇನು, ಅದು ಕಾಣುವುದಿಲ್ಲ.

ಇಂತಹ ಕೆಲಸಕ್ಕೆ ಆಯ್ಕೆಯ ಕ್ರಮವೇ ಬದಲಾಗುತ್ತದೆ. ಅಗಲವಾದ ಮುಖ, ದಪ್ಪ ಅಂಕಿಗಳು, ಬೆಳಕು ಕುಡಿದು ಕತ್ತಲಲ್ಲಿ ಹೊಳೆಯುವ ಫಲಕ ಮೊದಲ ಅಗತ್ಯ. ಟಾರ್ಚಿನ ಬೆಳಕನ್ನು ಫಲಕಕ್ಕೆ ಹಿಡಿದು, ಮಾಪಕವನ್ನು ಮುಖಕವಚದ ಗಾಜಿಗೆ ಒತ್ತಿಕೊಂಡು ಓದಬೇಕಾಗುತ್ತದೆ. ಅದಕ್ಕೆ ತಕ್ಕಷ್ಟು ಉದ್ದದ ಕೊಳವೆ ಇರಬೇಕು, ಆದರೆ ಮುಳುಗಿದ ಮರದ ಕೊಂಬೆಗಳಿಗೂ ಮೀನಿನ ಬಲೆಗೂ ಸಿಕ್ಕುವಷ್ಟು ಉದ್ದವಿರಬಾರದು. ಕಣ್ಣೆದುರೇ ಒತ್ತಡವನ್ನು ತೋರಿಸುವ, ಮುಖಕವಚಕ್ಕೆ ಜೋಡಿಸುವ ವಿದ್ಯುನ್ಮಾನ ಸಾಧನಗಳು ಇಲ್ಲಿ ತಮ್ಮ ಬೆಲೆಗೆ ತಕ್ಕ ಕೆಲಸ ಮಾಡುತ್ತವೆ.

ಏನೂ ಕಾಣದ ನೀರಿನಲ್ಲಿ ಮಾಪಕದ ಕೆಲಸದ ಒಂದು ಪಾಲನ್ನು ದಡದಲ್ಲಿರುವವರು ಹೊರುತ್ತಾರೆ. ಮುಳುಗುಗಾರರನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಇಳಿದ ಹೊತ್ತು ಮತ್ತು ಆಗಿನ ಒತ್ತಡವನ್ನು ಬರೆದಿಟ್ಟುಕೊಂಡು, ಲೆಕ್ಕ ಹಾಕಿದ ಸಮಯ ತೀರಿದೊಡನೆ ಹಗ್ಗದ ಸನ್ನೆಯಿಂದ ಮೇಲಕ್ಕೆ ಕರೆಯುವುದು ಸುಸಜ್ಜಿತ ಶೋಧತಂಡಗಳ ಕ್ರಮ. ಮಾತನಾಡುವ ಸೌಲಭ್ಯವಿರುವ ಪೂರ್ಣ ಮುಖಕವಚವಿದ್ದರೆ ಒತ್ತಡವನ್ನು ಆಗಾಗ ಕೇಳಿ ಬರೆದುಕೊಳ್ಳುತ್ತಾರೆ. ಹಗ್ಗವಾಗಲಿ ಗಡಿಯಾರವಾಗಲಿ ಇಲ್ಲದೆ, ಇನ್ನೊಬ್ಬರನ್ನು ಹುಡುಕುವ ಆತುರದಲ್ಲಿ ಒಬ್ಬರನ್ನೇ ಕೆಳಗಿಳಿಸುವುದು ಎಲ್ಲಕ್ಕಿಂತ ಅಪಾಯದ ಸಂಗತಿ.

ಎತ್ತರದ ಪ್ರಶ್ನೆಯೂ ಇದೆ. ರಾಮನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್, ಮಾಗಡಿ 900 ಮೀಟರಿಗಿಂತ ಹೆಚ್ಚು ಎತ್ತರದಲ್ಲಿದೆ. 300 ಮೀಟರಿಗಿಂತ ಎತ್ತರದ ಸ್ಥಳಗಳಲ್ಲಿ ಇಳಿಯುವಾಗ ಎತ್ತರಕ್ಕೆ ಹೊಂದಿಸಿದ ಕೋಷ್ಟಕಗಳನ್ನು ಬಳಸಬೇಕೆಂಬುದು ಡೈವಿಂಗ್ ಬೋಧನೆಯ ಸಾಮಾನ್ಯ ನಿಯಮ. ಸಿಲಿಂಡರಿನ ಒತ್ತಡಮಾಪಕದ ಮೇಲೆ ಈ ಎತ್ತರದ ಪರಿಣಾಮ ಕಣ್ಣಿಗೆ ಕಾಣದಷ್ಟು ಕಡಿಮೆ. 200 ಬಾರ್ ಓದುವ ಸೂಜಿಗೆ ಬಾರ್‌ನ ಹತ್ತನೇ ಒಂದು ಭಾಗ ತಿಳಿಯದು. ಆದರೆ ಸಮುದ್ರಮಟ್ಟಕ್ಕೆ ಹೊಂದಿಸಿದ ಯಾಂತ್ರಿಕ ಆಳಮಾಪಕವು ಇಲ್ಲಿ ನಿಜವಾದ ಆಳಕ್ಕಿಂತ ಮುಕ್ಕಾಲರಿಂದ ಒಂದು ಮೀಟರಿನಷ್ಟು ಕಡಿಮೆ ತೋರಿಸುತ್ತದೆ. ಸಮುದ್ರದ ಉಪ್ಪುನೀರಿಗೆ ಹೊಂದಿಸಿದ್ದರೆ ಸಿಹಿನೀರಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ನೇತ್ರಾಣಿಯಲ್ಲಿ ಬಳಸಿದ ಜೋಡಿ ಚೌಕಟ್ಟನ್ನು ಮಂಚನಬೆಲೆಗೆ ತಂದವರು ಅದರ ಒಂದು ಮುಖವನ್ನು ಹಾಗೆಯೇ ನಂಬಬಹುದು, ಇನ್ನೊಂದನ್ನು ತಿದ್ದಿ ಓದಬೇಕು.

ಬಳಕೆ ಮತ್ತು ಆರೈಕೆ

ಸಿಲಿಂಡರಿನ ಕವಾಟವನ್ನು ತೆರೆಯುವಾಗ ಮಾಪಕದ ಗಾಜು ತಮ್ಮ ಮುಖದ ಕಡೆಗಾಗಲಿ ಪಕ್ಕದವರ ಕಡೆಗಾಗಲಿ ಇರದಂತೆ ಹಿಡಿದು, ನಿಧಾನವಾಗಿ ತೆರೆಯಬೇಕು. ಒಳಗಿನ ನಳಿಕೆ ಸೀಳಿದರೆ ಒತ್ತಡ ಹೊರಹೋಗಲು ಕವಚದಲ್ಲಿ ಬಿರಡೆಯಿರುತ್ತದೆ; ಅದನ್ನು ಅಂಟಿನಿಂದ ಮುಚ್ಚಬಾರದು, ಚೌಕಟ್ಟಿನಲ್ಲಿ ಕೂರಿಸುವಾಗ ಅದಕ್ಕೆ ಅಡ್ಡಿಯಾಗಬಾರದು. ಉಪ್ಪುನೀರಿನಲ್ಲಿ ಬಳಸಿದ ಮೇಲೆ ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ರಬ್ಬರ್ ಹೊದಿಕೆಯನ್ನು ಆಗಾಗ ಸರಿಸಿ ಕೊಳವೆಯ ತುದಿಯ ಲೋಹಕ್ಕೆ ತುಕ್ಕು ಹಿಡಿದಿದೆಯೇ ಎಂದು ನೋಡುವುದು ಅಗತ್ಯ, ಏಕೆಂದರೆ ಉಪ್ಪು ಅಡಗಿ ಕೂರುವುದು ಅಲ್ಲಿಯೇ. ಗಾಜಿನ ಒಳಗೆ ತೇವ ಕಂಡರೆ, ಸೂಜಿ ಜಿಗಿಯುತ್ತ ಚಲಿಸಿದರೆ ಅಥವಾ ಗಾಜಿಗೆ ತಟ್ಟಿದಾಗ ಮಾತ್ರ ಸರಿದರೆ, ಒತ್ತಡ ಬಿಟ್ಟ ಮೇಲೂ ಸೊನ್ನೆಗೆ ಬಾರದಿದ್ದರೆ ಆ ಮಾಪಕವನ್ನು ನೀರಿಗೆ ಒಯ್ಯದೆ ಬದಲಿಸಬೇಕು. ತಿರುಗುಕೀಲಿನ ರಬ್ಬರ್ ಬಳೆಗಳನ್ನು ರೆಗ್ಯುಲೇಟರಿನ ವಾರ್ಷಿಕ ದುರಸ್ತಿಯ ಸಮಯದಲ್ಲಿ ಹೊಸದಾಗಿ ಹಾಕಿಸುವುದು ರೂಢಿ.